ಹಬ್ಬದ ಎಲೆಯಲ್ಲಿ ಬೆಲ್ಲ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಸಂಘದ ಲೆಕ್ಕಪತ್ರದ ವಿಚಾರ ಬರೆಯಲು ತಿಳಿದವರು ಇದ್ದಾರೆ, ನಾವು ಬೆಲ್ಲದ ವಿಚಾರ ಬರೆಯೋಣ ಎಂದುಕೊಂಡೆವು. ಮಂಡ್ಯ ಸೀಮೆಯವರಿಗೆ ಅದಕ್ಕಿಂತ ಹತ್ತಿರದ ಚರಿತ್ರೆ ಯಾವುದಿದೆ?

ನಮ್ಮ ಅಜ್ಜಿಯ ಕಾಲದಲ್ಲಿ ಹಬ್ಬದ ಸಿಹಿ ಅಂದರೆ ಬೆಲ್ಲದ್ದೇ. ಯುಗಾದಿಗೆ ಹೋಳಿಗೆ, ಗೌರಿ ಗಣೇಶಕ್ಕೆ ಕಡುಬು, ಶಿವರಾತ್ರಿಗೆ ತಂಬಿಟ್ಟು. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು, ಆಮೇಲೆ ಯಾರು ಏನು ಅನ್ನೋ ಮಾತು. ಸಕ್ಕರೆ ಕಾಣುತ್ತಿದ್ದುದು ಸಂಕ್ರಾಂತಿ ತಟ್ಟೆಯ ಸಕ್ಕರೆ ಅಚ್ಚಿನಲ್ಲಿ, ಅದೂ ಅನುಕೂಲಸ್ಥರ ಮನೆಯಲ್ಲಿ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದ ಮೇಲೆ ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಯಾದವು. 1932ರಲ್ಲಿ ಬ್ರಿಟಿಷ್ ಸರ್ಕಾರ ಹೊರದೇಶದ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕುವ ಕಾಯಿದೆ ತಂದಿತು. ಮರುವರ್ಷವೇ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಆಗ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ಕೋಲ್ಮನ್ ಸಾಹೇಬರು ಇದಕ್ಕಾಗಿ ಬಹಳ ದುಡಿದರು. ಕಾರ್ಖಾನೆಯಿಂದ ಈ ಸೀಮೆ ಅನ್ನ ಕಂಡಿತು, ಅದನ್ನು ಮರೆಯುವುದು ಬೇಡ.

ಆದರೆ ಎಲೆಯ ಮೇಲಿನ ಸಿಹಿ ನಿಧಾನಕ್ಕೆ ಬಣ್ಣ ಬದಲಾಯಿಸಿತು. ಕಾರ್ಖಾನೆಯಲ್ಲಿ ರಸವನ್ನು ತಿಳಿ ಮಾಡಿ, ಹರಳು ಕಟ್ಟಿಸಿ, ಗಿರಗಿರ ತಿರುಗುವ ಯಂತ್ರದಲ್ಲಿ ಕಾಕಂಬಿಯನ್ನು ಬೇರೆ ತೆಗೆಯುತ್ತಾರೆ. ಆಲೆಮನೆಯಲ್ಲಿ ಅದೆಲ್ಲ ಬೆಲ್ಲದಲ್ಲೇ ಉಳಿಯುತ್ತದೆ. ಬಣ್ಣ, ವಾಸನೆ, ರುಚಿ ಬರುವುದು ಅದರಿಂದಲೇ. ಮದುವೆಮನೆಗೆ ಲಾಡು, ಜಹಾಂಗೀರು ಬಂದವು. ಬೆಲ್ಲದ ಪಾಯಸ ಬಡವರ ಮನೆಯದು ಅನ್ನೋ ಹಾಗಾಯಿತು. ಇದರಲ್ಲಿ ನಮ್ಮ ಸಂಘದ ಪಾಲೂ ಇದೆ. ಹಬ್ಬ ಬಂತೆಂದರೆ ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಸಕ್ಕರೆಗೆ ಎಷ್ಟು ದೊಡ್ಡ ಸಾಲು ನಿಲ್ಲುತ್ತಿತ್ತು ಎಂಬುದು ಹಳೇ ಸದಸ್ಯರಿಗೆ ನೆನಪಿರಬೇಕು. ಆಲೆಮನೆ ಇಟ್ಟವರೂ ಚೀಲ ಹಿಡಿದು ಅದೇ ಸಾಲಿನಲ್ಲಿ!

ಇನ್ನೊಂದು ಮಾತು ಬರೆಯಲು ಸಂಕೋಚ, ಆದರೂ ಬರೆಯುತ್ತೇವೆ. ಸಕ್ಕರೆ ನೋಡಿ ಪೇಟೆಯವರ ಕಣ್ಣು ಬಿಳುಪಿಗೆ ಒಗ್ಗಿತು, ಬೆಲ್ಲವೂ ಬೆಳ್ಳಗಿರಲಿ ಅಂದರು. ಹಿಂದೆ ಕೊಪ್ಪರಿಗೆಯ ರಸಕ್ಕೆ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಎತ್ತುತ್ತಿದ್ದೆವು. ಆ ಜಾಗಕ್ಕೆ ಹೈಡ್ರೋಸ್ ಪುಡಿ ಬಂತು. ಅಚ್ಚು ಚಿನ್ನದ ಹಾಗೆ ಹೊಳೆಯುತ್ತದೆ, ಮಾರುಕಟ್ಟೆಯಲ್ಲಿ ನಾಲ್ಕು ಕಾಸು ಹೆಚ್ಚು. ನಾವೂ ಹಾಕಿದೆವು. ಮನೆಗೆ ಮಾತ್ರ ಕೊನೇ ಕೊಪ್ಪರಿಗೆಯ ಕಪ್ಪು ಬೆಲ್ಲ ಎತ್ತಿಡುತ್ತಿದ್ದೆವು. ನಮ್ಮ ಮನೆಯವರು ಒಮ್ಮೆ, "ನಾವು ತಿನ್ನದ್ದನ್ನ ಯಾರಿಗೆ ಮಾರ್ತೀರಿ?" ಅಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಈಚೆಗೆ ಪುಡಿ ಹಾಕದ ಬೆಲ್ಲವನ್ನೇ ಹುಡುಕಿಕೊಂಡು ಬೆಂಗಳೂರಿನಿಂದ ಬರುವವರಿದ್ದಾರೆ, ನಮ್ಮಲ್ಲಿ ಕೆಲವರು ಪುಡಿ ಬಿಟ್ಟೂ ಇದ್ದಾರೆ. ಹಾಗಂತ ಬೆಲ್ಲ ಔಷಧಿ ಅಲ್ಲ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ, ಅವರು ಮೋಸ ಹೋಗಬಾರದು.

ಬೆಲ್ಲದ ಅಡಿಗೆಯ ಕೈಹದ ತಪ್ಪಿಹೋಗಿದೆ, ಅದೇ ದೊಡ್ಡ ತೊಂದರೆ. ಪಾಯಸಕ್ಕೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ ಎಂದು ಈಗಿನ ಹೆಣ್ಣುಮಕ್ಕಳು ಹೆದರುತ್ತಾರೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯದೆ ಇನ್ನೇನು? ನಮ್ಮ ತಾಯಿ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಕಸ ಮರಳು ಹೋಗಲಿ ಎಂದು ಬಟ್ಟೆಯಲ್ಲಿ ಸೋಸಿ, ಬೆಂದ ಅಕ್ಕಿಬೇಳೆಗೆ ಕಲಸಿ ಕುದಿಸುತ್ತಿದ್ದರು. ಒಲೆಯಿಂದ ಇಳಿಸಿ, ಬಿಸಿ ಆರಿದ ಮೇಲೆಯೇ ಕಾಯಿಸಿ ಆರಿಸಿದ ಹಾಲು. ಕಾಯಿಹಾಲಾದರೆ ಆ ಭಯವೂ ಕಡಿಮೆ. ಉಂಡೆಯ ಪಾಕವನ್ನು ತಟ್ಟೆ ನೀರಿಗೆ ಒಂದು ತೊಟ್ಟು ಬಿಟ್ಟು ನೋಡುತ್ತಿದ್ದರು. ಬೆರಳಲ್ಲಿ ಉಂಡೆ ಕಟ್ಟಿದರೆ ಹದ, ಕಲ್ಲಿನ ಹಾಗಾದರೆ ಪಾಕ ಮೀರಿತು.

ಬೆಳ್ಳಿಹಬ್ಬದ ಊಟಕ್ಕೆ ಲಾಡೋ ಹೋಳಿಗೆಯೋ ಎಂದು ಆಡಳಿತ ಮಂಡಳಿಯಲ್ಲಿ ಅರ್ಧ ದಿನ ವಾದವಾಯಿತು. ಕೊನೆಗೆ ಹೋಳಿಗೆ ಎಂದು ಠರಾವಾಗಿದೆ. ಬೆಲ್ಲ ನಮ್ಮ ಸದಸ್ಯರದೇ ಆಲೆಮನೆಯದು, ಪುಡಿ ಹಾಕಿಲ್ಲ. ಅಡಿಗೆಯವರು ಮಾತ್ರ, "ಹೂರಣ ಕಪ್ಪಗಾದರೆ ನಮ್ಮನ್ನ ಬೈಬೇಡಿ ಸ್ವಾಮಿ" ಎಂದು ಮೊದಲೇ ಹೇಳಿಬಿಟ್ಟಿದ್ದಾರೆ.