ಆನ್‌ಲೈನ್ ಲೈಂಗಿಕ ಶೋಷಣೆಯಿಂದ ಮಕ್ಕಳ ರಕ್ಷಣೆ: ದೇಣಿಗೆ ತಲುಪದ ಕೆಲಸಗಳು

ಮಗುವಿನ ಮೇಲೆ ನಡೆದ ದೌರ್ಜನ್ಯದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ ಎಂಬ ಸುಳಿವು ಪೊಲೀಸರಿಗೆ ಸಿಗುವ ಮೊದಲೇ ಅದು ದತ್ತಿ ಸಂಸ್ಥೆಯೊಂದರ ಕೈ ದಾಟಿ ಬಂದಿರುವುದುಂಟು. 2020ರಲ್ಲಿ ಚೆನ್ನೈನ ಅಂಬತ್ತೂರು ಮಹಿಳಾ ಠಾಣೆಯಲ್ಲಿ ದಾಖಲಾದ ಪ್ರಕರಣಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಮೂಲಕ ಬಂದ, ಆನ್‌ಲೈನ್ ಮಕ್ಕಳ ಶೋಷಣೆಯ ದೂರು ಸ್ವೀಕರಿಸುವ 'ಸೈಬರ್‌ಟಿಪ್‌ಲೈನ್'ನ ವರದಿಯೇ ಆಧಾರ. ಈ ಟಿಪ್‌ಲೈನನ್ನು 1998ರಿಂದ ನಡೆಸುತ್ತಿರುವುದು ಅಮೆರಿಕದ ಲಾಭರಹಿತ ಸಂಸ್ಥೆ ಎನ್‌ಸಿಎಂಇಸಿ. ಬ್ಯೂರೋ ಅದರೊಂದಿಗೆ ಒಪ್ಪಂದ ಮಾಡಿಕೊಂಡಿದ್ದು 2019ರಲ್ಲಿ.

ಅಂಬತ್ತೂರು ಪ್ರಕರಣದ ಮುಂದಿನ ಹಾದಿ ಇನ್ನೂ ಮುಖ್ಯವಾದುದು. ಇಂಥ ವಿಡಿಯೋ ಇಳಿಸಿಕೊಂಡು ಖಾಸಗಿಯಾಗಿ ನೋಡಿದ ಮಾತ್ರಕ್ಕೆ ಅಪರಾಧವಾಗದೆಂದು ಮದ್ರಾಸ್ ಹೈಕೋರ್ಟ್ 2024ರ ಜನವರಿಯಲ್ಲಿ ಮೊಕದ್ದಮೆಯನ್ನೇ ರದ್ದುಪಡಿಸಿತು. ಇದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 'ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಅಲಯನ್ಸ್' ಎಂಬ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ. ಅದೇ ವರ್ಷ ಸೆಪ್ಟೆಂಬರ್ 23ರಂದು ಹೈಕೋರ್ಟಿನ ಆದೇಶ ರದ್ದಾಯಿತು. ಹಂಚುವ ಉದ್ದೇಶದಿಂದ ಇಂಥ ಸಾಮಗ್ರಿಯನ್ನು ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಳ್ಳುವುದು ಪೋಕ್ಸೋ ಕಾಯ್ದೆಯ 15ನೇ ಕಲಮಿನಡಿ ಶಿಕ್ಷಾರ್ಹ ಎಂಬುದು ಇತ್ಯರ್ಥವಾಯಿತು. ಒಂದು ಮೇಲ್ಮನವಿಯಿಂದ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಸ್ಪಷ್ಟವಾಯಿತು. ವಕೀಲರಿಗೆ ಕೊಡುವ ಹಣವೂ ಮಕ್ಕಳ ರಕ್ಷಣೆಗೇ ಸಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ತೆರೆಮರೆಯ ಕೆಲಸ ಇನ್ನೂ ಕಠಿಣ. ಬ್ರಿಟನ್ನಿನ ಕೇಂಬ್ರಿಜ್ ಬಳಿ 1996ರಿಂದ ಕೆಲಸ ಮಾಡುತ್ತಿರುವ ಇಂಟರ್ನೆಟ್ ವಾಚ್ ಫೌಂಡೇಶನ್‌ನ ವಿಶ್ಲೇಷಕರು ಬಂದ ದೂರಿನ ಚಿತ್ರವನ್ನು ಕಣ್ಣಾರೆ ನೋಡಬೇಕು, ಕೃತ್ಯದ ತೀವ್ರತೆಯನ್ನು ಎ, ಬಿ, ಸಿ ಎಂದು ವರ್ಗೀಕರಿಸಬೇಕು. ಬಳಿಕ ಆ ಚಿತ್ರಕ್ಕೆ 'ಹ್ಯಾಶ್' ಎಂಬ ಡಿಜಿಟಲ್ ಬೆರಳಚ್ಚು ಸಿದ್ಧವಾಗುತ್ತದೆ. ಅದೇ ಚಿತ್ರವನ್ನು ಯಾರಾದರೂ ಮತ್ತೆ ಏರಿಸಲು ಹೊರಟರೆ, ಇಂಥ ಹ್ಯಾಶ್‌ಗಳ ಪಟ್ಟಿಯನ್ನು ಬಳಸುವ ಜಾಲತಾಣ ಗುರುತಿಸಿ ತಡೆಯಬಲ್ಲದು. ಇಂಥ ಚಿತ್ರಗಳನ್ನು ದಿನವೂ ನೋಡುವ ಈ ಸಿಬ್ಬಂದಿಗೆ ಆಪ್ತಸಮಾಲೋಚನೆ ಕಡ್ಡಾಯ. ಆ ಖರ್ಚನ್ನು ಕಡಿತಗೊಳಿಸಿದರೆ ಕೆಲಸವೇ ನಿಲ್ಲುತ್ತದೆ. ಮುಂಬೈನ ಆರಂಭ್ ಇಂಡಿಯಾ 2016ರಲ್ಲಿ ಇದೇ ಸಂಸ್ಥೆಯ ಸಹಯೋಗದಲ್ಲಿ ನಮ್ಮಲ್ಲೂ ವರದಿ ಮಾಡುವ ವ್ಯವಸ್ಥೆ ತಂದಿತು.

ಚಿತ್ರ ಅಳಿಸಿಹೋದರೂ ಮಗುವಿನ ಸಂಕಟ ಮುಗಿಯುವುದಿಲ್ಲ. ತನಿಖೆಯಿಂದ ವಿಚಾರಣೆಯವರೆಗೆ ಮಗುವಿನ ಜೊತೆಗಿರಲು 2020ರ ಪೋಕ್ಸೋ ನಿಯಮಗಳು 'ಬೆಂಬಲ ವ್ಯಕ್ತಿ'ಯ ನೇಮಕಕ್ಕೆ ಅವಕಾಶ ಕೊಟ್ಟಿವೆ. ನ್ಯಾಯಾಲಯದ ದಿನಾಂಕ ತಿಳಿಸುವುದು, ಹೇಳಿಕೆ ಕೊಡುವಾಗ ಪಕ್ಕದಲ್ಲಿ ಕೂರುವುದು, ಪರಿಹಾರದ ಅರ್ಜಿ ಹಾಕಿಸುವುದು, ಹೆದರಿದ ತಾಯಿಗೆ ಧೈರ್ಯ ಹೇಳುವುದು: ಎಲ್ಲವೂ ಅವರ ಪಾಲಿನದು. ಅವರ ಸಂಭಾವನೆಗೆ ನಿಯಮ ಹಾಕಿರುವ ಕೆಳಮಿತಿ ಕುಶಲ ಕಾರ್ಮಿಕರ ಕನಿಷ್ಠ ವೇತನವಷ್ಟೆ. ನನ್ನ ದೃಷ್ಟಿಯಲ್ಲಿ ದೇಣಿಗೆಯ ಮೊದಲ ಹಕ್ಕು ಇವರದು.

ಈ ದೇಣಿಗೆ ಕಂಪನಿಗಳಿಂದಲೂ ಬರಬಹುದು. ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕು. ಆಡಳಿತ ವೆಚ್ಚ ಶೇ. 5 ಮೀರಬಾರದೆಂಬ ನಿಯಮವನ್ನು ಮುಂದಿಟ್ಟು ಸಂಬಳಕ್ಕೆ ಹಣ ನಿರಾಕರಿಸುವುದು ಸರಿಯಲ್ಲ. ಆ ಮಿತಿ ಸಾಮಾಜಿಕ ಹೊಣೆಯ ಕೆಲಸಗಳಿಗೆ ಕಂಪನಿಯೇ ಮಾಡುವ ಸಾಮಾನ್ಯ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ಆಪ್ತಸಮಾಲೋಚಕಿಯ ಸಂಬಳ, ವಕೀಲರ ಶುಲ್ಕ, ಬೆಂಬಲ ವ್ಯಕ್ತಿಯ ಬಸ್ ಚಾರ್ಜು ಇವೆಲ್ಲ ಆ ನೇರ ಖರ್ಚುಗಳೇ. ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುವುದರಿಂದ ಅನುದಾನವನ್ನೂ ಒಂದೇ ವರ್ಷಕ್ಕೆ ಮೊಟಕುಗೊಳಿಸದೆ ವಿಚಾರಣೆ ಮುಗಿಯುವವರೆಗೆ ಕೊಡಬೇಕು.