ಆಕಾಶ ಕಾಣದ ಕೇರಿ

ಮಕ್ಕಳೇ, 1997ರ ಜನವರಿಯಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ‘ಫೈನಲ್ ಫ್ಯಾಂಟಸಿ 7’ ಎಂಬ ವಿಡಿಯೊ ಗೇಮ್ ಹೊರತಂದಿತು. ಮೂರು ಸಿ.ಡಿ. ತುಂಬ ಕಥೆ! (ನಿಮ್ಮ ಅಪ್ಪ-ಅಮ್ಮ ಆಡಿರಲೂಬಹುದು, ಕೇಳಿ ನೋಡಿ.)

ಶುರುವಾಗುವುದು ಮಿಡ್ಗಾರ್ ನಗರದಲ್ಲಿ. ಕಂಬಗಳ ಮೇಲೆ ತಟ್ಟೆಯಂಥ ಉಕ್ಕಿನ ನೆಲ. ಅದರ ಮೇಲೆ ಉಳ್ಳವರು, ಕೆಳಗೆ ಬಡವರ ಕೇರಿ. ಶಿನ್ರಾ ಎಂಬ ಕಂಪನಿ ಭೂಮಿಯ ಜೀವಶಕ್ತಿಯನ್ನೇ ಹೀರಿ ವಿದ್ಯುತ್ ಮಾಡುತ್ತದೆ. ಮೊದಲ ಕೆಲವು ಗಂಟೆ ನೀವು ಬೇಕಾದ ಕಡೆ ಹೋಗುವಂತಿಲ್ಲ, ಕಥೆ ಹಾಕಿದ ದಾರಿಯೊಂದೇ. ಇದು ಕೊರತೆ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಆ ಇಕ್ಕಟ್ಟಿನಲ್ಲೇ ಕೇರಿಯ ಜನ ಪರಿಚಯವಾಗುತ್ತಾರೆ. ಆಮೇಲೆ ಶಿನ್ರಾ ಆ ಉಕ್ಕಿನ ನೆಲದ ಒಂದು ಭಾಗವನ್ನೇ ಅವರ ಮೇಲೆ ಬೀಳಿಸಿದಾಗ, ಸತ್ತವರಲ್ಲಿ ಕೆಲವರ ಹೆಸರು ನಿಮಗೆ ಗೊತ್ತಿರುತ್ತದೆ. ನಗರದಾಚೆಯ ಬಯಲು, ಬೆಟ್ಟ, ಕಡಲು ತೆರೆದುಕೊಳ್ಳುವುದು ಅದಾದ ನಂತರವೇ.

2020ರಲ್ಲಿ ಈ ಆಟವನ್ನು ಹೊಸದಾಗಿ ಕಟ್ಟಿದಾಗ, ಮೊದಲ ಭಾಗ ಇಡೀ ಮಿಡ್ಗಾರ್‌ನಲ್ಲೇ ನಡೆಯಿತು.