ಖಡ್ಗದ ಬದಲು ಮೊಲದ ಗೊಂಬೆ

1991ರಲ್ಲಿ ಬ್ರೆಜಿಲ್‌ನ ಮಾರುಕಟ್ಟೆಗೆ ಬಂದ ವಿಡಿಯೊ ಗೇಮ್ ಒಂದರ ನಾಯಕಿ ಖಡ್ಗ ಹಿಡಿದಿರಲಿಲ್ಲ. ಬಟ್ಟೆಯ ನೀಲಿ ಮೊಲವೊಂದನ್ನು ಬೀಸುತ್ತಾ ರಾಕ್ಷಸರನ್ನು ಉರುಳಿಸುತ್ತಿದ್ದಳು. ಆ ಹುಡುಗಿಯನ್ನು ಅಲ್ಲಿನ ಮಕ್ಕಳಿಗೆ ಯಾರೂ ಪರಿಚಯಿಸಬೇಕಿರಲಿಲ್ಲ. ಅವಳು ಮೊನಿಕಾ. ವ್ಯಂಗ್ಯಚಿತ್ರಕಾರ ಮೌರಿಸಿಯೊ ಡಿ ಸೋಜಾ 1963ರಲ್ಲಿ ತಮ್ಮ ಮಗಳನ್ನೇ ಮಾದರಿಯಾಗಿಟ್ಟುಕೊಂಡು ಸೃಷ್ಟಿಸಿದ ಪಾತ್ರ. ಕೆಂಪು ಅಂಗಿ, ಉಬ್ಬು ಹಲ್ಲು, ಮೂಗಿನ ತುದಿಯಲ್ಲೇ ಸಿಟ್ಟು. ಛೇಡಿಸಿದ ಹುಡುಗರಿಗೆಲ್ಲ ಅದೇ ಮೊಲದಿಂದ ಪೆಟ್ಟು.

ಆದರೆ ಆಟ ಮಾತ್ರ ಬ್ರೆಜಿಲ್‌ನದಲ್ಲ. ಜಪಾನಿನಲ್ಲಿ ತಯಾರಾದ ‘ವಂಡರ್ ಬಾಯ್ ಇನ್ ಮಾನ್‌ಸ್ಟರ್ ಲ್ಯಾಂಡ್’ ಎಂಬ ಆಟದ ನಾಯಕನನ್ನು ತೆಗೆದು, ಅವನ ಜಾಗದಲ್ಲಿ ಮೊನಿಕಾಳನ್ನು ನಿಲ್ಲಿಸಲಾಗಿತ್ತು. ಈ ಕೆಲಸ ಮಾಡಿದ್ದು ಟೆಕ್ ಟಾಯ್ ಎಂಬ ಎಲೆಕ್ಟ್ರಾನಿಕ್ಸ್ ಕಂಪೆನಿ.

ಬೇರೆಯವರ ಆಟಕ್ಕೆ ತಮ್ಮೂರ ವೇಷ ಹಾಕುವ ಯೋಚನೆ ಹುಟ್ಟಲು ಕಾರಣವೇನು? ಅದಕ್ಕೆ ಅಂದಿನ ಬ್ರೆಜಿಲ್‌ನ ಆರ್ಥಿಕ ನೀತಿಯನ್ನು ನೋಡಬೇಕು. ಸ್ವದೇಶಿ ಉದ್ಯಮ ಬೆಳೆಯಲೆಂದು 1984ರ ಕಾನೂನು ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆಯನ್ನು ಎಂಟು ವರ್ಷ ದೇಶೀಯ ಕಂಪೆನಿಗಳಿಗೇ ಮೀಸಲಿಟ್ಟಿತು. ವಿದೇಶಿ ಎಲೆಕ್ಟ್ರಾನಿಕ್ ಸರಕಿಗೆ ಬಾಗಿಲು ಬಹುತೇಕ ಮುಚ್ಚಿತ್ತು. ಬೇಕಾದವರಿಗೆ ಪರಗ್ವೆ ಗಡಿಯಿಂದ ಕಳ್ಳದಾರಿಯಲ್ಲಿ ಬಂದದ್ದೇ ಗತಿ, ಇಲ್ಲವೇ ಸ್ಥಳೀಯ ನಕಲು. ನಿಂಟೆಂಡೊ ಅಧಿಕೃತವಾಗಿ ಬ್ರೆಜಿಲ್‌ಗೆ ಬಂದದ್ದು 1993ರಲ್ಲಿ. ಅಷ್ಟರೊಳಗೆ ಅದರ ಯಂತ್ರದ ನಕಲುಗಳನ್ನು ಅಲ್ಲಿನ ಹಲವು ಕಂಪೆನಿಗಳು ಮಾರಿಯಾಗಿತ್ತು.

ಟೆಕ್ ಟಾಯ್ ನಕಲಿನ ದಾರಿ ಹಿಡಿಯಲಿಲ್ಲ. ಶಾರ್ಪ್ ಕಂಪೆನಿಯಲ್ಲಿ ಅನುಭವ ಪಡೆದಿದ್ದ ಡೇನಿಯಲ್ ಡಾಜ್‌ಕಲ್ ಮತ್ತು ಪಾಲುದಾರರು ಇದನ್ನು ಆರಂಭಿಸಿದ್ದು 1987ರಲ್ಲಿ. ಎಲೆಕ್ಟ್ರಾನಿಕ್ ಆಟಿಕೆ ಮಾರುವುದು ಮೊದಲ ಗುರಿ. ತೆರಿಗೆ ರಿಯಾಯಿತಿ ಇದ್ದ ಮನೌಸ್ ನಗರದಲ್ಲಿ, ಅಂದರೆ ಅಮೆಜಾನ್ ಕಾಡಿನ ನಡುವೆ, ಕಾರ್ಖಾನೆ ತೆರೆಯಿತು. ಜಪಾನಿನ ಸೆಗಾ ಕಂಪೆನಿಯಿಂದ ಪರವಾನಗಿ ಪಡೆದು 1989ರಲ್ಲಿ ಮಾಸ್ಟರ್ ಸಿಸ್ಟಂ ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. ಜಪಾನ್, ಅಮೆರಿಕಗಳಲ್ಲಿ ನಿಂಟೆಂಡೊ ಎದುರು ಸೋತಿದ್ದ ಈ ಯಂತ್ರ ಬ್ರೆಜಿಲ್‌ನಲ್ಲಿ ಗೆದ್ದಿತು.

ಯಂತ್ರವೇನೋ ಬಂತು, ಅದರಲ್ಲಿನ ಭಾಷೆ? ‘ಫ್ಯಾಂಟಸಿ ಸ್ಟಾರ್’ ಆಟವನ್ನು ತೆಗೆದುಕೊಳ್ಳಿ. ಅಣ್ಣನ ಸಾವಿನ ಸೇಡಿಗೆ ಹೊರಟ ಯುವತಿಯೊಬ್ಬಳ ಕಥೆ ಅದು. ಊರೂರಲ್ಲಿ ಎದುರಾಗುವ ಜನರ ಮಾತು ಅರ್ಥವಾಗದಿದ್ದರೆ ಮುಂದಿನ ದಾರಿಯೇ ತಿಳಿಯದು. ಇಂಗ್ಲಿಷ್ ಬಾರದ ಮಗುವಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಟೆಕ್ ಟಾಯ್ 1991ರಲ್ಲಿ ಅದನ್ನು ಪೋರ್ಚುಗೀಸ್ ಭಾಷೆಗೆ ತಂದಿತು. ಕಾರ್ಟ್ರಿಜ್‌ನೊಳಗಿನ ಜಾಗವೆಲ್ಲ ಸೇರಿ 512 ಕಿಲೊಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗೂ ಅದು ಸಾಲದು. ಅನುವಾದಿಸಿದ ಮಾತೆಲ್ಲ ಇಷ್ಟರಲ್ಲೇ ಹಿಡಿಯಬೇಕಿತ್ತು.

ಮೊನಿಕಾಳ ಆಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲಾಯಿತು. ಇಂಥ ಆಟಗಳಲ್ಲಿ ನಿಯಮಗಳು ಒಂದೆಡೆ, ಚಿತ್ರಗಳು ಇನ್ನೊಂದೆಡೆ ಇರುತ್ತವೆ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳನ್ನು ಜೋಡಿಸಿದರೆ ಒಂದು ಚಿತ್ರ. ಆ ಚೌಕಗಳನ್ನಷ್ಟೇ ಬದಲಿಸಿದರೆ ಆಟ ಹಾಗೇ ಉಳಿದು ಆಡುವವರ ಮುಖ ಬೇರೆಯಾಗುತ್ತದೆ. ನಾಣ್ಯ ಕೂಡಿಸುವುದು, ಅಂಗಡಿಯಲ್ಲಿ ಪಾದರಕ್ಷೆ, ಗುರಾಣಿ ಕೊಳ್ಳುವುದು, ಕೊನೆಗೆ ಡ್ರ್ಯಾಗನ್ ಕೊಲ್ಲುವುದು ಎಲ್ಲವೂ ಮೂಲದಂತೆಯೇ.

ಇದು ಸ್ವಂತದ್ದೋ, ಎರವಲೋ? ಡಬ್ಬಿಂಗ್ ಬೇಕೇ ಬೇಡವೇ ಎಂದು ದಶಕಗಳ ಕಾಲ ಜಗಳವಾಡಿದ ಕನ್ನಡಿಗರಿಗೆ ಈ ಪ್ರಶ್ನೆ ಹೊಸದೇನಲ್ಲ. ಕಡಿಮೆ ಖರ್ಚಿನ ಉಪಾಯ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ಬರೀ ಮುಖವಾಡ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. 1993ರ ಮುಂದಿನ ಆಟವನ್ನೇ ನೋಡಿ. ಅದರ ಜಪಾನಿ ಮೂಲದಲ್ಲಿ ನಾಯಕ ಶಾಪಗ್ರಸ್ತನಾಗಿ ಹಲ್ಲಿ, ಇಲಿ, ಸಿಂಹ, ಗಿಡುಗ ಹೀಗೆ ರೂಪ ಬದಲಿಸುತ್ತಾನೆ. ಬ್ರೆಜಿಲ್‌ನ ಆವೃತ್ತಿಯಲ್ಲಿ ಒಂದೊಂದು ರೂಪಕ್ಕೂ ಮೊನಿಕಾಳ ಒಬ್ಬೊಬ್ಬ ಗೆಳೆಯ. ಹಾರುವ ಗಿಡುಗನ ಜಾಗಕ್ಕೆ ಬಂದವನು ರೆಕ್ಕೆಯಿರುವ ಪುಟ್ಟ ದೇವದೂತ ಅಂಜಿನ್ಯೊ. ಕಾಮಿಕ್ಸ್ ಓದಿ ಬೆಳೆದವರು ಮಾತ್ರ ಇಂಥ ಆಯ್ಕೆ ಮಾಡಬಲ್ಲರು.

1993ರಲ್ಲಿ ಬ್ರೆಜಿಲ್‌ನ ಹಣದುಬ್ಬರ ಶೇಕಡ 2,000ವನ್ನೂ ಮೀರಿತ್ತು. ಅಂಥ ದಿನಗಳಲ್ಲಿ ಹೊಸ ಯಂತ್ರ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಹೊರಜಗತ್ತು ಮರೆತ ಮಾಸ್ಟರ್ ಸಿಸ್ಟಂಗೆ ಅಲ್ಲಿ ಹೊಸ ಆಟಗಳು ಬರುತ್ತಲೇ ಇದ್ದವು. ಮೊಂಟೇರೊ ಲೊಬಾಟೊ ಅವರ ಮಕ್ಕಳ ಕಥೆಗಳನ್ನು ಆಧರಿಸಿದ ಆಟ ಹೊರಬಂದದ್ದು 1997ರಲ್ಲಿ. ಅದೇ ವರ್ಷ ಕಂಪೆನಿ ಸಾಲದ ಸುಳಿಗೆ ಸಿಲುಕಿ, ಸಾಲಗಾರರಿಂದ ನ್ಯಾಯಾಲಯದ ರಕ್ಷಣೆ ಕೋರಿತು. ಮಾರುಕಟ್ಟೆ ತೆರೆದ ಮೇಲೆ ಮೊದಲಿನ ಪ್ರಾಬಲ್ಯ ಉಳಿದಿರಲಿಲ್ಲ.

ಆದರೂ ಕಂಪೆನಿ ಬಾಗಿಲು ಮುಚ್ಚಲಿಲ್ಲ. 2001ರ ಜನವರಿಯಲ್ಲಿ ಸೆಗಾ ಆಟದ ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಅದೇ ವರ್ಷ ಟೆಕ್ ಟಾಯ್, ಜನಪ್ರಿಯ ಟಿ.ವಿ. ರಸಪ್ರಶ್ನೆ ಕಾರ್ಯಕ್ರಮ ‘ಶೊ ದೊ ಮಿಲಿಯಾಂವ್’ನ ಆಟವನ್ನು ಪೋರ್ಚುಗೀಸ್ ಭಾಷೆಯಲ್ಲಿ ಹೊರತಂದಿತು. ಅದು ತಯಾರಾಗಿದ್ದು ಸೆಗಾ 1988ರಲ್ಲಿ ಬಿಡುಗಡೆ ಮಾಡಿದ್ದ ಮೆಗಾ ಡ್ರೈವ್ ಯಂತ್ರಕ್ಕಾಗಿ.